ಕಾಜ

ಮೊದಲು ನಲವತ್ತು ಹೆಜ್ಜೆ.
ಮನೆಯ ತಡಮೆ ದಾಟಿ, ಎಡಬಲ ನೋಡಿ,
ಒಂದು ಲಾರಿಗೆ ದಾರಿ ಬಿಟ್ಟು ಓಡಿದರೆ
ನನ್ನ ಹೊಲಿಗೆ ಅಂಗಡಿಯ ಬಾಗಿಲು.

ಆಮೇಲೆ ಹೆದ್ದಾರಿ ಅಗಲವಾಯಿತು.
ಕುಂಬಳೆಯಿಂದ ಉಪ್ಪಳಕ್ಕೆ ಒಂದೇ ಕತ್ತರಿ,
ಗುರುತು ಹಾಕದೆ, ಅಳತೆ ಕೇಳದೆ
ಊರ ನಡುವೆ ಹಾಯಿಸಿದ ಹಾಗೆ.
ಎರಡೂ ಕಡೆ ಆಳೆತ್ತರದ ಗೋಡೆ.
ಅದರ ಮೇಲಿಂದ ನನ್ನ ಬೋರ್ಡು ಕಾಣುತ್ತದೆ,
'ಜಲಜಾಕ್ಷಿ ಟೈಲರ್ಸ್', ಕನ್ನಡದಲ್ಲೂ ಮಲಯಾಳದಲ್ಲೂ.
ಓದಬಹುದು. ಮುಟ್ಟುವ ಹಾಗಿಲ್ಲ.

ರಿಕ್ಷಾಕ್ಕೆ ಹೋಗಲು ಐವತ್ತು, ಬರಲು ಐವತ್ತು.
ಒಂದು ರವಿಕೆಯ ಎರಡು ತೋಳೂ ಅಲ್ಲಿಗೇ ಹೋಯಿತು.

ಸಂಕಪ್ಪನನ್ನು ಆಗ ಕಂಡದ್ದು.
ಕಂಡದ್ದೆಂದರೆ, ಇಪ್ಪತ್ತು ವರ್ಷದಿಂದ ಕಾಣುತ್ತಲೇ ಇದ್ದೆ:
ಮೂರು ಚಕ್ರದ ಗಾಡಿ, ಕೈಯಲ್ಲಿ ತಿರುಗಿಸುವ ಪೆಡಲು,
ಎದುರಿನ ಹಲಗೆಯಲ್ಲಿ ಲಾಟರಿ ಟಿಕೇಟುಗಳ ಪಟಪಟ,
'ನಾಳೆಯಾಣ್, ನಾಳೆಯಾಣ್' ಎಂಬ ಕೂಗು.
"ನಡೆದೇ ಬನ್ನಿ ಅಕ್ಕ," ಅಂದ,
"ಹೈಸ್ಕೂಲಿನ ಹತ್ತಿರ ಅಂಡರ್‌ಪಾಸ್ ಉಂಟಲ್ಲ, ನಾನು ದಿನಾ ಹೋಗುವುದು."
'ನಡೆದು' ಎಂಬ ಮಾತು ಅವನ ಬಾಯಲ್ಲಿ ಕೇಳಿ ನನಗೆ ನಾಚಿಕೆ.
ಅವನು ಸರಪಳಿಗೆ ಎಣ್ಣೆ ಬಿಡುತ್ತಿದ್ದ.

ಸಾವಿರದ ಆರುನೂರ ಹನ್ನೆರಡು ಹೆಜ್ಜೆ.
ಮೊದಲ ದಿನ ಎಣಿಸಿದೆ, ಕೋಪದಿಂದ.
ಎರಡನೆಯ ದಿನ ಆರುನೂರರ ಹತ್ತಿರ ಲೆಕ್ಕ ತಪ್ಪಿತು:
ಅಲ್ಲೊಂದು ಪುನರ್ಪುಳಿ ಮರ, ಕೆಂಪು ಹಣ್ಣು ಕೆಳಗೆಲ್ಲ ಚೆಲ್ಲಿ.
ಇದೇ ಊರಲ್ಲಿ ಹುಟ್ಟಿದವಳಿಗೆ ಗೊತ್ತೇ ಇರಲಿಲ್ಲ.
ಮೂರನೆಯ ವಾರ ಮೊಣಕಾಲು ದೂರು ಹೇಳುವುದು ಬಿಟ್ಟಿತು,
ಅಥವಾ ಕೇಳಲು ನನಗೆ ಪುರುಸೊತ್ತಾಗಲಿಲ್ಲ.
ಮೀನಿನ ಸೈಕಲ್ಲಿನ ಅಂದುಂಞಿ ಇಳಿದು ಜೊತೆಗೆ ತಳ್ಳುತ್ತ
ಬೂತಾಯಿಯ ರೇಟಿನಿಂದ ಮಗಳ ಮದುವೆಯವರೆಗೆ ಬರುತ್ತಾನೆ.
ಏರಿನಲ್ಲಿ ಸಂಕಪ್ಪನ ಹೆಗಲು ನನಗಿಂತ ಮುಂದೆ.
ಇಳಿಜಾರಿನಲ್ಲಿ ಬ್ರೇಕು ಹಿಡಿದು ಕಾಯುತ್ತಾನೆ.

ಅಂಡರ್‌ಪಾಸಿನ ಬಾಯಲ್ಲಿ ಒಂದು ಮೆಟ್ಟಿಲು.
ನಾವು ಚರಂಡಿಯ ಚಪ್ಪಡಿ ಹತ್ತುತ್ತೇವೆ,
ಅವನು ರಸ್ತೆಗಿಳಿದು, ಎದುರು ಬರುವ ಟಿಪ್ಪರುಗಳ ಮಧ್ಯೆ
ಮೂವತ್ತು ಮಾರು.
ಒಂದು ದಿನ ಕೊರಳಿನ ಟೇಪು ತೆಗೆದು ಅಳೆದೆ.
ನಾಲ್ಕೂಕಾಲು ಇಂಚು.
ಬೆಳೆಯುವ ಹುಡುಗಿಯ ಲಂಗಕ್ಕೆ
ಒಳಗೆ ಮಡಚಿ ಬಿಡುವಷ್ಟು.

ಪಂಚಾಯತಿನವರು ಅದು ಹೆದ್ದಾರಿಯದ್ದು ಅಂದರು.
ಹೆದ್ದಾರಿಯವರು ಫೋನು ಎತ್ತಲಿಲ್ಲ.

ಆದಿತ್ಯವಾರ. ಅಂದುಂಞಿಯ ಸೈಕಲ್ಲಿನಲ್ಲಿ, ಮೀನಿನ ಪೆಟ್ಟಿಗೆಯ ಜಾಗದಲ್ಲಿ,
ಅವನ ಮನೆ ಕಟ್ಟಿ ಉಳಿದ ಅರ್ಧ ಚೀಲ ಸಿಮೆಂಟು.
ಶಾಲೆಯ ಮಕ್ಕಳು ಬಕೇಟಿನಲ್ಲಿ ಹೊಯಿಗೆ ತಂದರು,
ಅರ್ಧ ಹೊಯಿಗೆ, ಅರ್ಧ ಜಗಳ.
ಮೇಸ್ತ್ರಿ ಸಂಕಪ್ಪನೇ: "ಇನ್ನೂ ಸ್ವಲ್ಪ ಓರೆ ಬರಲಿ,
ಮುಂದಿನ ಚಕ್ರ ಎದ್ದು ನಿಂತೀತು ಮಾರಾಯ್ರೆ."
ಒಣಗುವ ಮೊದಲೇ ಯಾರದೋ ಆಡು ಹತ್ತಿ ಇಳಿಯಿತು.
ಗೊರಸಿನ ಗುರುತು ಈಗಲೂ ಉಂಟು.

ಆಡಿನ ನಂತರ ಅವನು. ಅವನ ನಂತರ
ಎರಡು ಹುಡುಗಿಯರು ಒಂದು ಸೈಕಲ್ಲಿನಲ್ಲಿ,
ಕೋಲೂರಿದ ಐಸಮ್ಮ, ಗ್ಯಾಸಿನ ಸಿಲಿಂಡರು ಉರುಳಿಸುವವನು,
ಮಗುವಿನ ಗಾಡಿ ತಳ್ಳಿಕೊಂಡು ಬಂದ ಹೊಸ ಸೊಸೆ,
ಹೆಸರು ಇನ್ನೂ ಕೇಳಿಲ್ಲ.

ಕತ್ತರಿಸಿದ ಬಟ್ಟೆ ಕತ್ತರಿಸಿದ್ದೇ,
ನನಗೆ ಗೊತ್ತು, ಅದೇ ನನ್ನ ಕಸುಬು.
ಆದರೆ ಸೀಳಿನ ಅಂಚಿಗೆ ಸುತ್ತ ನೂಲು ಹಾಕಿ ಬಿಗಿದರೆ
ಅದಕ್ಕೇ ಕಾಜ ಅನ್ನುವುದು. ಗುಂಡಿ ಅದರೊಳಗಿಂದಲೇ ದಾಟಿ
ಎರಡು ಬದಿಯನ್ನು ಹಿಡಿಯುತ್ತದೆ.
ದಿನಾ ದಾಟಬೇಕು, ಅಷ್ಟೆ.
ದಾಟದಿದ್ದರೆ ಅದು ಬರೇ ತೂತು.

ನಿನ್ನೆ ಅವನಿಂದ ಒಂದು ಟಿಕೇಟು ತೆಗೆದುಕೊಂಡೆ. ಬರಲಿಲ್ಲ.
"ನಾಳೆ," ಅಂದ.
"ಎಷ್ಟು ಗಂಟೆಗೆ?" ಅಂದೆ.
"ಎಂಟೂವರೆಗೆ. ಪುನರ್ಪುಳಿ ಮರದ ಹತ್ತಿರ."