ಉಗುರಿನ ತುದಿ

ಅಜ್ಜಿಯ ಹೆಸರು ಹೈಲ್ವೆನ್. ನಮ್ಮ ವೆಲ್ಶ್ ಮಾತಲ್ಲಿ ಬಿಸಿಲು.
ಬಿಸಿಲೇ ಆಗುತ್ತಿರಲಿಲ್ಲ ಆಕೆಗೆ;
ಜೂನ್ ಬಂತೆಂದರೆ ಕುತ್ತಿಗೆ ತುಂಬ ಕಂದು ಹುರುಪೆ,
ಮೈಗೆ ಒದ್ದೆ ಗೋಣಿಯ ವಾಸನೆ.
ಚಾಪೆಲ್ಲಿನಲ್ಲಿ ಕೊನೆಯ ಬೆಂಚು.

ಅಂಥದೇ ಒಂದು ಜೂನಿನಲ್ಲಿ ಇಥೆಲ್ ಮಾವ ನಿದ್ದೆ ಬಿಟ್ಟ,
ಮೂರು ರಾತ್ರಿಯಲ್ಲಿ ಇಡೀ ಮನೆಗೆ ಹಳದಿ ಬಳಿದ,
ಕಿಟಕಿ ಗಾಜಿಗೂ.
ಸೆಪ್ಟೆಂಬರಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ.

ಕಾರ್ಡಿಫಿನ ಡಾಕ್ಟರು ಹನ್ನೆರಡನೆಯ ಕ್ರೋಮೋಸೋಮು ಬರೆದು ತೋರಿಸಿದರು:
ಚರ್ಮದ ಮನೆ, ಮನಸ್ಸಿನ ಮನೆ,
ನಡುವೆ ಒಂದೇ ಗೋಡೆ,
ನಮ್ಮ ಗಣಿಬೀದಿಯ ಸಾಲುಮನೆಗಳ ಹಾಗೆ.
‘ಇರಬಹುದು’ ಅಂದರು, ಪೆನ್ನು ಮುಚ್ಚುತ್ತ.

ಕೂಸಿನ ಉಗುರು ಕತ್ತರಿಸುವಾಗ
ಬೆಳಕಿಗೆ ಹಿಡಿದು ನೋಡುತ್ತೇನೆ:
ಅಜ್ಜಿಗಿದ್ದ ಕೆಂಪು-ಬಿಳಿ ಗೆರೆ, ತುದಿಯಲ್ಲಿ ಕಚ್ಚು?
ಇಲ್ಲ. ಇನ್ನೂ ಇಲ್ಲ.
ಕೂಸು ನಗುತ್ತದೆ.
ಬಹಳ ಹೊತ್ತು ನಗುತ್ತದೆ.
ಎಣಿಸಬಾರದು. ಎಣಿಸುತ್ತೇನೆ.