ರೊಟ್ಟಿಯ ಏಣಿ

ಹಡಗಿಳಿದು ಹಿಯುಮಾ ದ್ವೀಪದೊಳಗೆ ಇಪ್ಪತ್ತೇಳು ಕಿಲೋಮೀಟರು.
ಬಸ್ಸಿನಲ್ಲಿ ನಾನು, ಕಲ್ಯು,
ಅವನ ತೊಡೆಯ ಮೇಲೆ ಸ್ಪ್ಯಾನರಿನ ಪೆಟ್ಟಿಗೆ.
ಒಂದು ದಿನದ ಪ್ರವಾಸಕ್ಕೆ ಇದ್ಯಾಕೆ ಅಂದರೆ
ಇರಲಿ, ಅಂದ.
ಸಿಮೆಂಟು ಕಾರ್ಖಾನೆ ಬಾಗಿಲು ಹಾಕಿದ ಮೇಲೆ
ಎಲ್ಲದಕ್ಕೂ ಅದೇ ಮಾತು, ಇರಲಿ.

ಹಿಂದೆ ಹಾಲಿನ ಡೈರಿಯಾಗಿತ್ತಂತೆ ಈ ಮ್ಯೂಸಿಯಂ.
ಗೋಡೆಯ ಬಿಳಿ ಬಿಲ್ಲೆಗಳ ಸಂದಿನಲ್ಲಿ
ಇನ್ನೂ ಹುಳಿಮಜ್ಜಿಗೆಯ ವಾಸನೆ.
ದನದ ಡಾಕ್ಟರಾಗಿದ್ದ ಎಂಡೆಲ್
ಟಿಕೀಟು ಹರಿಯುತ್ತಾನೆ, ಸೂಪು ಬಡಿಸುತ್ತಾನೆ,
ದೆವ್ವಗಳ ಧೂಳು ಒರೆಸುತ್ತಾನೆ,
ಮೂರಕ್ಕೂ ಒಂದೇ ಏಪ್ರನ್ನು.

ಇದು ಗಾಳಿ ಮಾರುತ್ತಿದ್ದವಳ ಹಗ್ಗ:
ಮೊದಲ ಗಂಟು ಬಿಚ್ಚಿದರೆ ತಂಗಾಳಿ,
ಎರಡನೆಯದಕ್ಕೆ ಹಾಯಿ ತುಂಬುವಷ್ಟು,
ಮೂರನೆಯದನ್ನು
ಬಿಚ್ಚಿದವರು ಹೇಳಲು ಉಳಿದಿಲ್ಲ.
ನಮ್ಮ ಗುಂಪಿನ ವೈಕೆ ಉಗುರಲ್ಲಿ ಅದನ್ನು ಸವರಿದಳು.
ಹಿಂದಿನ ಬಾಗಿಲು ಪಟಾರನೆ ಬಡಿಯಿತು.
ಬೆಕ್ಕು, ಅಂದ ಎಂಡೆಲ್, ತಿರುಗಿಯೂ ನೋಡದೆ.

ಅದು ತೋಳನಾಗಲು ಕಟ್ಟುತ್ತಿದ್ದ ಸೊಂಟಪಟ್ಟಿ.
ತೂತು ಏಳು. ಸವೆದದ್ದು
ಎಲ್ಲಕ್ಕಿಂತ ಒಳಗಿನದು ಮಾತ್ರ.
ಪಾಪ, ಏನು ಸಿಗುತ್ತಿತ್ತೋ ತಿನ್ನಲಿಕ್ಕೆ.

ಕಡೆಯ ಕೋಣೆಯಲ್ಲಿ, ಬೆಣ್ಣೆ ಕಡೆಯುತ್ತಿದ್ದಲ್ಲಿ,
ಕೂತಿತ್ತು ಕ್ರಾಟ್.
ಮುರಿದ ಕುಂಟೆಯ ಕೈ, ಮಡಕೆಯ ತಲೆ,
ರಾಟೆಯ ಚಕ್ರದ ಹೊಟ್ಟೆ, ಹುಲ್ಲಿನ ಬಾಲ.
ಸೈತಾನನಿಗೆ ಮೂರು ತೊಟ್ಟು ರಕ್ತ ಕೊಟ್ಟರೆ ಜೀವ ಬರುತ್ತದೆ.
(ಕೆಲವರು ಕಪ್ಪು ದ್ರಾಕ್ಷಿಯ ರಸ ಕೊಟ್ಟು
ಅವನಿಗೇ ಟೋಪಿ ಹಾಕಿದ್ದೂ ಉಂಟು.)
ಜೀವ ಬಂತೋ, ಕದಿಯುತ್ತದೆ, ಹೊರುತ್ತದೆ,
ಊರವರ ಕಣಜ ನಿಮ್ಮ ಕಣಜವಾಗುತ್ತದೆ.
ಕೆಲಸ ಮುಗಿಯಿತೋ,
ಯಜಮಾನನ ಕುತ್ತಿಗೆಗೇ ಬರುತ್ತದೆ.

ಆಗೇನು ಮಾಡುತ್ತಿದ್ದರು? ಯಾರೋ ಕೇಳಿದರು.
ರೊಟ್ಟಿಯಲ್ಲಿ ಏಣಿ ಮಾಡು ಅನ್ನುತ್ತಿದ್ದರು.
ಮಾಡಲು ಹೋಗಿ, ಆಗದೆ, ಮತ್ತೆ ಮಾಡಲು ಹೋಗಿ
ತನ್ನ ಬಿಸಿಗೆ ತಾನೇ ಹೊತ್ತಿ ಉರಿದುಹೋಗುತ್ತಿತ್ತು.

ಎಲ್ಲರೂ ನಕ್ಕರು. ನಾನೂ.
ಕಲ್ಯು ನಗಲಿಲ್ಲ.
ಕ್ರಾಟಿನ ಕೊರಳಿಗೆ ತೂಗುಹಾಕಿದ್ದ ರಟ್ಟು ಓದುತ್ತಿದ್ದ:
'ದಯವಿಟ್ಟು ಇದಕ್ಕೆ ಕೆಲಸ ಹೇಳಬೇಡಿ.'

ಉಳಿದವರು ಸೂಪಿಗೆ ಹೋದರು.
ನಾನು ಅವನ ಕೋಟು ಹುಡುಕಿಕೊಂಡು ಹಿಂದೆ ಬಂದಾಗ
ಮೊಣಕಾಲೂರಿ ಕೂತಿದ್ದ, ಚಕ್ರದ ಪಕ್ಕದಲ್ಲಿ.
ನಟ್ಟು ಸಡಿಲವಾಗಿತ್ತು, ಅಂದ.
ಹದಿಮೂರರ ಸ್ಪ್ಯಾನರು. ಎರಡು ಸುತ್ತು.
ಅಂಗೈಯಿಂದ ಚಕ್ರವನ್ನೊಮ್ಮೆ ತಳ್ಳಿದ.
ಸದ್ದಿಲ್ಲದೆ ತಿರುಗಿತು, ಬಹಳ ಹೊತ್ತು.
ಇಬ್ಬರೂ ಅದನ್ನೇ ನೋಡಿದರು,
ಇಬ್ಬರು ಅಂದರೆ, ಅವನು ಮತ್ತು ಅದು.
ಬಾಗಿಲಲ್ಲಿ ನಿಂತ ಎಂಡೆಲ್ ಬೈಯಲಿಲ್ಲ,
ಮೇಲಿನ ದೀಪವೂ ಮಿಣುಕುತ್ತದೆ, ಅಂದ.

ಸಂಜೆಯ ಹಡಗಿನಲ್ಲಿ ಅವನ ಉಗುರಲ್ಲಿ ಗ್ರೀಸು.
ನಾನು ಲೆಕ್ಕ ಹಾಕುತ್ತಿದ್ದೆ ನಾಳೆಗೆ ಏನು ಉಳಿದಿದೆ ಎಂದು.
ನಲ್ಲಿ ಆಯಿತು, ಬೇಲಿ ಎರಡು ಸಲ ಆಯಿತು,
ಗಡಿಯಾರ ಕೆಟ್ಟೇ ಇರಲಿಲ್ಲ, ಅದೂ ಆಯಿತು.
ಕಪ್ಪು ರೊಟ್ಟಿ ಬಿಚ್ಚಿದೆ. ಅವನೊಂದು ತುಂಡು ತಗೊಂಡು
ಸುಮ್ಮನೆ ಕೈಯಲ್ಲಿ ಹಿಡಿದು
ಅಂಚು ಅಂಚನ್ನೇ ನೋಡತೊಡಗಿದ.

ಮಾತು ನಾಲಗೆಯ ತುದಿಗೆ ಬಂದಿತ್ತು, ತಮಾಷೆಗೆ.
ನುಂಗಿಕೊಂಡೆ.
ಕೊಡಿಲ್ಲಿ, ಅಂದೆ.
ಬೆಣ್ಣೆ ಸವರಿ, ಉಪ್ಪು ಉದುರಿಸಿ,
ತಿನ್ನಿ, ಅಂದೆ.