ಎಡವೋ ಬಲವೋ

ರುಸ್ಟೆನ್‌ಬರ್ಗ್ ಊರಿನಡಿ, ಏಳುನೂರು ಮೀಟರು ಇಳಿದರೆ
ಬಂಡೆಗೇ ಮೈ ಬೆಚ್ಚಗೆ.
ಹೆಬ್ಬೆರಳಿಗಿಂತ ತುಸು ದಪ್ಪನೆಯ ರಾಡಾರು ಕೊಳವೆ;
ಕೋಲಿಗೆ ಕೋಲು ಜೋಡಿಸಿ
ಕೊರೆದ ತೂತಿನೊಳಕ್ಕೆ ನೂಕುತ್ತಿದ್ದೇನೆ,
ಮೊಣಕಾಲೂರಿ, ಅಂಗುಲ ಅಂಗುಲ.

ಅದು ಕಲ್ಲಿಗೆ ಒಂದು ಸಲ ಕೂಗಿ ಸುಮ್ಮನಾಗುತ್ತದೆ.
ಮಾರ್ದನಿಗೆ ಎಷ್ಟು ಹೊತ್ತು?
ರೆಪ್ಪೆ ಬಡಿಯುವಷ್ಟನ್ನು ಹತ್ತು ಲಕ್ಷ ಚೂರು ಮಾಡಿ
ಒಂದು ಚೂರು ತೆಗೆದುಕೊಳ್ಳಿ, ಸಾಕು.

ತೆರೆಯಲ್ಲಿ ಗೆರೆ ಬಾಗಿತು, ಬಿಲ್ಲಿನ ಹಾಗೆ.
ಹದಿನಾಲ್ಕು ಮೀಟರು ದೂರದಲ್ಲಿ ನೀರು.
ಯಾರೋ ಅಗೆದು ಮರೆತ ಹಳೆಯ ಸುರಂಗವಿರಬೇಕು,
ನಕ್ಷೆಯಲ್ಲಿ ಆ ಜಾಗ ಖಾಲಿ.

"ಯಾವ ಕಡೆ?" ಎಂದರು ತ್ಲೆಲಿಮಾ.

ಲೆಸೊಥೊದ ಬೆಟ್ಟಗಳಿಂದ ಹತ್ತೊಂಬತ್ತಕ್ಕೇ ಇಳಿದು ಬಂದವರು.
ಮೂವತ್ತೊಂದು ವರ್ಷ ಸರಳಿನಿಂದ ನೆತ್ತಿಯ ಬಂಡೆ ಬಡಿದು
ಗಟ್ಟಿಯೋ ಪೊಳ್ಳೋ ಕಿವಿಯಲ್ಲೇ ತೂಗಿದವರು.
ಡ್ರಿಲ್ಲುಗಳು ಅವರ ಎಡಗಿವಿಯನ್ನು ತಿಂದುಹಾಕಿವೆ.

"ಗೊತ್ತಿಲ್ಲ, ನ್ತಾತೆ. ಎಷ್ಟು ದೂರ ಅನ್ನುತ್ತದೆ,
ಎಲ್ಲಿ ಅನ್ನುವುದಿಲ್ಲ. ಎಡವೋ ಬಲವೋ,
ತಲೆಯ ಮೇಲೋ ಕಾಲ ಕೆಳಗೋ..."
"ಇಷ್ಟು ದುಡ್ಡಿನ ಯಂತ್ರಕ್ಕೆ ಅಷ್ಟೂ ತಿಳಿಯದೆ?"

ನಕ್ಕರು. ಆಮೇಲೆ ನಗಲಿಲ್ಲ.
"ನನ್ನನ್ನೂ ಯಾರಾದರೂ ಕೂಗಿದರೆ
ನಿಂತಲ್ಲೇ ಬುಗುರಿಯ ಹಾಗೆ ಸುತ್ತುತ್ತೇನೆ.
ಪಾಪ, ಇದಕ್ಕೂ ಒಂದೇ ಕಿವಿ, ಮಗಳೇ.
ಇನ್ನೊಂದು ಕೊರೆಸಿಕೊಡು."

ಮೀಟರಿಗೆ ಇಷ್ಟು ರ‍್ಯಾಂಡ್ ಎಂದು ಯಜಮಾನ ವಿಸಾಖಿ
ಕೈಗವಸಿನ ಮೇಲೆಯೇ ಲೆಕ್ಕ ಗೀಚಿದ.
ಗೊಣಗಿ ಗೊಣಗಿ ಹನ್ನೊಂದನೆಯ ದಿನ ಸಹಿ ಹಾಕಿದ.

ಎರಡನೆಯ ತೂತು, ಆರು ಮೀಟರು ಬಲಕ್ಕೆ.
ಅಲ್ಲಿಂದ ಕೂಗಿದರೆ ನೀರು ಎಂಟೇ ಮೀಟರು.
ಇದರಲ್ಲಿ ಕೂಗಿ ಅದರಲ್ಲಿ ಆಲಿಸಿದೆ,
ಅದರಲ್ಲಿ ಕೂಗಿ ಇದರಲ್ಲಿ.
ಗೆರೆಗಳು ಒಂದನ್ನೊಂದು ಹಾಯ್ದು ಒಂದೇ ಕಡೆ ಗಂಟುಬಿದ್ದವು:
ಬಲಕ್ಕೆ.
ನಾನು ಮನಸ್ಸಿನಲ್ಲಿ ಎಡ ಎಂದು ಬರೆದಿಟ್ಟಿದ್ದೆ.
ರಾತ್ರಿ ಪಾಳಿಯವರು ಬೆನ್ನೊರಗಿಸಿ ಬುತ್ತಿ ಬಿಚ್ಚುವ ಗೋಡೆ ಅದು.

ತ್ಲೆಲಿಮಾ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು,
ಸುಮ್ಮನೆ, ಅಭ್ಯಾಸಬಲಕ್ಕೆ, ಸರಳಿನಿಂದ ಒಮ್ಮೆ ತಟ್ಟಿ
ಬಲಗಿವಿ ಆನಿಸಿದರು.
"ಗಟ್ಟಿ ಅನ್ನುತ್ತಿದೆ," ಎಂದರು. "ಸುಳ್ಳು."

ಮೇಲೇರುವ ಪಂಜರದಲ್ಲಿ, ಬೆವರಿನ ಇಕ್ಕಟ್ಟಿನಲ್ಲಿ
ಹೊಳೆಯಿತು: ಮೂರು ತಿಂಗಳಿಂದ
ನಾನು ಇವರ ಎಡಕ್ಕೇ ನಿಂತು ಮಾತಾಡುತ್ತಿದ್ದೇನೆ.
ಇಬ್ಬರನ್ನು ಸರಿಸಿಕೊಂಡು
ಆ ಕಡೆಗೆ ಹೋದೆ.